ಮಿರಜದ ತಂಬೂರಿಯೂ ಅದರ ಗವಸಣಿಗೆಯೂ

ನಾವು ಪತ್ರಗಳಲ್ಲಿ ಬರೆಯುವ 'ಯೋಗಕ್ಷೇಮ'ವೆಂಬ ಮಾತಿನಲ್ಲಿ ಎರಡು ಬೇರೆ ಬೇರೆ ಅರ್ಥಗಳು ಕೂಡಿಕೊಂಡಿವೆ. ಇಲ್ಲದುದನ್ನು ಪಡೆಯುವುದು ಯೋಗ. ಪಡೆದುದನ್ನು ಕಾಪಾಡಿಕೊಳ್ಳುವುದು ಕ್ಷೇಮ. ಮೂವತ್ತಮೂರು ವರ್ಷಗಳ ಕಾಲ ಶಾಲೆಯ ಹುಡುಗರಿಗೆ ಈ ಸಮಾಸವನ್ನು ಬಿಡಿಸಿ ಹೇಳಿದವನು ನಾನು. ಆದರೆ ಅದರ ಉತ್ತರಾರ್ಧವನ್ನು ನಾನೇ ಸರಿಯಾಗಿ ಕಲಿತುದು ನಿವೃತ್ತನಾದ ಮೇಲೆ, ಮಿರಜದ ಒಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತು. ಆ ಪ್ರಯಾಣದ ಸಂಗತಿಯನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

೨೦೨೪ನೆಯ ಇಸವಿಯಲ್ಲಿ ಸೇವೆಯಿಂದ ಬಿಡುಗಡೆ ಹೊಂದಿದಾಗ ಕೈಗೆ ಬಂದ ಹಣದಲ್ಲಿ ಮೊದಲು ಮಾಡಬೇಕಾದ ವೆಚ್ಚ ಯಾವುದೆಂಬ ವಿಷಯದಲ್ಲಿ ನನಗೆ ಸಂದೇಹವಿರಲಿಲ್ಲ. ನನ್ನ ಗೃಹಿಣಿಯು ಮದುವೆಗೆ ಮುಂಚೆ ಏಳು ವರ್ಷ ಹಿಂದುಸ್ತಾನಿ ಸಂಗೀತವನ್ನು ಅಭ್ಯಾಸ ಮಾಡಿದವಳು. ಅವಳ ತಂದೆಯವರು ಮದುವೆಯ ಕಾಲದಲ್ಲಿ ಬಂಗಾರದ ಬದಲು ಒಂದು ತಂಬೂರಿಯನ್ನು ಕೊಟ್ಟಿದ್ದರು. ಅದು ೧೯೯೭ರಲ್ಲಿ ರೈಲು ಪ್ರಯಾಣದಲ್ಲಿ ಒಡೆದುಹೋಯಿತು. ಉಪಾಧ್ಯಾಯನ ಸಂಬಳದಲ್ಲಿ ಮತ್ತೊಂದನ್ನು ಕೊಳ್ಳುವುದು ಆಗ ಸಾಧ್ಯವಾಗಲಿಲ್ಲ. ಆಮೇಲೆ ಮಗಳ ವಿದ್ಯಾಭ್ಯಾಸ, ಮನೆ, ಅವಳ ಮದುವೆ. ವಿದ್ಯುತ್ತಿನಿಂದ ನುಡಿಯುವ ಪುಟ್ಟ ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಅವಳು ಇಷ್ಟು ವರ್ಷ ಕಳೆದಳು. ಅದು ಶ್ರುತಿಯನ್ನು ತಪ್ಪದು. ಆದರೆ ತೊಡೆಯ ಮೇಲೆ ಆನಿಸಿಕೊಳ್ಳಲು ಬಾರದು. ಆದುದರಿಂದ ಮಿರಜಕ್ಕೆ ಹೋಗಿ ತಂಬೂರಿಯೊಂದನ್ನು ಮಾಡಲು ಹೇಳಿ ಬಂದಿದ್ದೆನು. ಮೂರು ತಿಂಗಳ ತರುವಾಯ, ಡಿಸೆಂಬರದಲ್ಲಿ, ಸಿದ್ಧವಾಗಿದೆಯೆಂದು ಕರೆ ಬಂದಿತು. ಈ ಸಲ ನಾವಿಬ್ಬರೂ ಹೊರಟೆವು.

ಧಾರವಾಡದಿಂದ ಮಿರಜಕ್ಕೆ ಹೋಗುವ ರೈಲಿನ ದಾರಿಯು ಒಂದೇ ದಿನದಲ್ಲಿ ಮೂರು ಬಗೆಯ ನಾಡನ್ನು ತೋರಿಸುವುದು. ಅಳ್ನಾವರವನ್ನು ದಾಟುತ್ತಲೆ ಕಾಡು ಪ್ರಾರಂಭವಾಗುವುದು. ಲೋಂಡಾದಲ್ಲಿ ಗಾಡಿ ನಿಂತಾಗ ಕಿಟಕಿಯಿಂದ ಬರುವ ಗಾಳಿಯಲ್ಲಿ ಒದ್ದೆ ಮಣ್ಣಿನ ತಂಪಿರುವುದು. ಖಾನಾಪುರವನ್ನು ಕಳೆದು ಬೆಳಗಾವಿಗೆ ಬರುವಷ್ಟರಲ್ಲಿ ಗಿಡಮರಗಳು ಹಿಂದುಳಿದು ಬಯಲು ತೆರೆದುಕೊಳ್ಳುವುದು. ಪಾಚ್ಛಾಪುರ, ಗೋಕಾಕ ರೋಡ್, ಘಟಪ್ರಭಾ, ರಾಯಬಾಗ ಎಂದು ಒಂದೊಂದೇ ನಿಲ್ದಾಣವು ಬಂದಂತೆ ಕರಿಯ ಮಣ್ಣೂ ಕಬ್ಬಿನ ಗದ್ದೆಗಳೂ ಬರುವುವು. ಕುಡಚಿಯ ಹತ್ತಿರ ಗಾಡಿಯು ಕೃಷ್ಣೆಯನ್ನು ದಾಟಿತು. ಕೆಳಗೆ ಹೊಳೆಯು ಚಳಿಗಾಲದ ಶಾಂತತೆಯಿಂದ ಹರಿಯುತ್ತಿದ್ದಿತು. ನನ್ನ ಗೃಹಿಣಿಯು ಕಿಟಕಿಯಿಂದ ಕೈಮುಗಿದು ಒಂದು ನಾಣ್ಯವನ್ನು ಹಾಕಿದಳು. ಆಚೆಯ ಉಗಾರದಲ್ಲಿ ಸಕ್ಕರೆ ಕಾರಖಾನೆಯ ಕಬ್ಬಿನ ಹಂಗಾಮ. ಹೊರೆ ತುಂಬಿದ ಗಾಡಿಗಳ ಸಾಲು, ಗಾಳಿಯಲ್ಲಿ ಕಾಕಂಬಿಯ ವಾಸನೆ. ಶೇಡಬಾಳವನ್ನು ದಾಟಿದ ಮೇಲೆ ಮಿರಜವು ದೂರವಲ್ಲ.

ಮಿರಜವು ಇಂದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಗೆ ಸೇರಿದೆ; ಆದರೂ ಪೇಟೆಯಲ್ಲಿ ಕನ್ನಡವನ್ನು ಆಡಿದರೆ ಉತ್ತರ ಬರುವುದು. ಒಂದು ಕಾಲದಲ್ಲಿ ಇದು ಪಟವರ್ಧನ ಮನೆತನದ ಸಂಸ್ಥಾನವು. ಇಲ್ಲಿಯ ನಿಲ್ದಾಣದಲ್ಲಿ ಅಗಲ, ಮಧ್ಯಮ, ಕಿರಿದು ಎಂಬ ಮೂರು ಅಳತೆಯ ಹಳಿಗಳೂ ಬಂದು ಕೂಡುತ್ತಿದ್ದ ದಿನಗಳಿದ್ದುವು; ಈಗ ಎಲ್ಲವೂ ಅಗಲದ ಹಳಿಯೇ. ಹಳಿಗಳು ಕೂಡಿದಂತೆಯೇ ಸಂಗೀತದ ದಾರಿಗಳೂ ಇಲ್ಲಿ ಕೂಡಿದುವು. ಬಾಲಕೃಷ್ಣಬುವಾ ಇಚಲಕರಂಜೀಕರರು ಇಲ್ಲಿದ್ದಾಗ ವಿಷ್ಣು ದಿಗಂಬರ ಪಲುಸ್ಕರರು ಅವರಲ್ಲಿ ಅಭ್ಯಾಸ ಮಾಡಿದರು. ನಮ್ಮ ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ಮಿರಜದ ನೀಲಕಂಠಬುವಾ ಅವರಲ್ಲಿ ಪಾಠ ಹೇಳಿಸಿಕೊಂಡರು. ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂಖಾನರು ನೆಲೆಸಿದ ಊರೂ ಇದೇ. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರೆಂಬುದನ್ನು ನೆನೆದರೆ, ಧಾರವಾಡದ ಸೀಮೆಯ ಗಾಯನಕ್ಕೆ ಈ ಊರಿನ ಋಣವೆಷ್ಟೆಂಬುದು ತಿಳಿಯುವುದು.

ನಿಲ್ದಾಣದಿಂದ ನಾವು ಮೊದಲು ಮೀರಾಸಾಹೇಬರ ದರ್ಗಾಕ್ಕೆ ಹೋದೆವು. ಅಬ್ದುಲ್ ಕರೀಂಖಾನರ ಸಮಾಧಿಯು ಅಲ್ಲಿಯೇ ಇರುವುದು. ೧೯೩೭ನೆಯ ಅಕ್ಟೋಬರ ತಿಂಗಳಲ್ಲಿ ಅವರು ಪಾಂಡಿಚೇರಿಗೆ ರೈಲಿನಲ್ಲಿ ಹೋಗುತ್ತಿರುವಾಗ ಪ್ರಕೃತಿ ಕೆಟ್ಟು, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದು, ತಂಬೂರಿಯನ್ನು ಕೂಡಿಸಲು ಹೇಳಿ ಹಾಡುತ್ತ ಪ್ರಾಣ ಬಿಟ್ಟರೆಂದು ಹೇಳುವರು. ಅವರ ಸ್ಮರಣೆಗಾಗಿ ಪ್ರತಿವರ್ಷವೂ ಉರುಸಿನ ಕಾಲದಲ್ಲಿ ಇಲ್ಲಿ ಗಾಯನ ಸೇವೆ ನಡೆಯುವುದು. ನನ್ನ ಗೃಹಿಣಿಯು ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಳು. ರೈಲಿನಲ್ಲಿ ಕೊನೆಯವರೆಗೂ ಜತೆಗೆ ಉಳಿದ ಆ ತಂಬೂರಿಯ ವಿಷಯವನ್ನೇ ನಾನು ಯೋಚಿಸುತ್ತಿದ್ದೆನು. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಆಮೇಲೆ ತಿಳಿಯಿತು.

ದರ್ಗಾದ ಹತ್ತಿರದಲ್ಲಿಯೇ ಸಿತಾರ ಮಾಡುವವರ ಓಣಿಯಿದೆ. ಇಲ್ಲಿಯ ಕುಶಲಿಗಳು ಮೂಲತಃ ಶಿಕಲಗಾರರು, ಎಂದರೆ ಕತ್ತಿಗಳನ್ನು ಸಾಣೆ ಹಿಡಿದು ಆಯುಧಗಳನ್ನು ಸರಿಪಡಿಸುತ್ತಿದ್ದವರು. ಆಯುಧಗಳಿಗೆ ಬೇಡಿಕೆ ತಗ್ಗಿದ ಮೇಲೆ, ಹತ್ತೊಂಬತ್ತನೆಯ ಶತಮಾನದಲ್ಲಿ, ಅವರು ವಾದ್ಯಗಳ ಕೆಲಸಕ್ಕೆ ತಿರುಗಿದರು. ಫರೀದಸಾಹೇಬರ ಹೆಸರನ್ನು ಇಲ್ಲಿಯವರು ಮೂಲಪುರುಷರ ಹೆಸರಿನಂತೆ ಗೌರವದಿಂದ ಹೇಳುವರು. ಖಡ್ಗದ ಕೈ ವೀಣೆಯ ಕೈಯಾದುದು ಎಷ್ಟು ಒಳ್ಳೆಯ ಪರಿಣಾಮವು! ೨೦೨೪ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಸೂಚಕವೆಂಬ ಸರಕಾರದ ಮನ್ನಣೆ ದೊರೆಯಿತು. ಬೇರೆ ಊರಿನಲ್ಲಿ ಮಾಡಿದುದನ್ನು ಇನ್ನು ಮೇಲೆ ಈ ಹೆಸರಿನಿಂದ ಮಾರುವಂತಿಲ್ಲ.

ಓಣಿಯ ಅಂಗಡಿಗಳ ಮುಂದೆ ಒಣಗಿದ ಸೋರೆಬುರುಡೆಗಳು ರಾಶಿಯಾಗಿ ಬಿದ್ದಿರುವುವು. ಪಂಢರಪುರ, ಮಂಗಳವೇಢೆಗಳ ಕಡೆ ಭೀಮಾನದಿಯ ಸೀಮೆಯಲ್ಲಿ ಬೆಳೆಯುವ ಕಹಿ ಸೋರೆಯ ಬುರುಡೆಗಳಿವು. ಅಮರಕೋಶದಲ್ಲಿ ಕಟುತುಂಬಿಗೆ ಇಕ್ಷ್ವಾಕುವೆಂಬ ಹೆಸರೂ ಇರುವುದರಿಂದ, ಈ ಬಡ ಬುರುಡೆಯು ಸೂರ್ಯವಂಶದ ಮೂಲಪುರುಷನ ಹೆಸರನ್ನೇ ಹೊತ್ತಿದೆಯೆಂದು ನಾನು ವಿನೋದವಾಗಿ ಹೇಳಿದೆನು. ಬುರುಡೆಯನ್ನು ಕೊಯ್ದು, ನೀರಿನಲ್ಲಿ ನೆನೆಹಾಕಿ, ಒಳಗಿನ ತಿರುಳನ್ನು ಕೆರೆದು ತೆಗೆದು, ಬಾಯಿಗೆ ಕಡ್ಡಿಗಳನ್ನು ಅಡ್ಡಲಾಗಿ ಕೊಟ್ಟು ಬೇಕಾದ ಆಕಾರಕ್ಕೆ ಹಿಗ್ಗಿಸಿ ಮತ್ತೆ ಒಣಗಿಸುವರು. ಅದರ ಮೇಲೆ ಕೂಡಿಸುವ ಮುಚ್ಚಳದ ಹಲಗೆಯನ್ನೂ ಉದ್ದನೆಯ ದಂಡಿಯನ್ನೂ ತುನ್ ಮರದಿಂದ ಮಾಡುವರು. ಸಂಸ್ಕೃತದ ತುನ್ನ ಅಥವಾ ನಂದಿವೃಕ್ಷವೇ ಇದು. ಕೊನೆಗೆ ಅರಗಿನ ಮೆರುಗು. ಇಷ್ಟೂ ಕೆಲಸವು ಕೈಯಿಂದಲೇ ಆಗುವುದು.

ನಮ್ಮ ತಂಬೂರಿಯನ್ನು ಮಾಡಿದ ವೃದ್ಧರು ಎಪ್ಪತ್ತು ದಾಟಿದವರು. ಧಾರವಾಡದ ಪೇಢೆಯ ಪೊಟ್ಟಣವನ್ನು ಕೈಗಿತ್ತಾಗ ಮೊಮ್ಮಕ್ಕಳನ್ನು ಕರೆದು ಹಂಚಿ, ಆಮೇಲೆ ತಂಬೂರಿಯನ್ನು ಒಳಗಿನಿಂದ ತಂದು ನನ್ನ ಗೃಹಿಣಿಯ ಮುಂದೆ ಇಟ್ಟರು. ಅವಳು ಬಿರಡೆಗಳನ್ನು ತಿರುಗಿಸಿ, ಮಣಿಗಳನ್ನು ಸರಿಸಿ, ಕುದುರೆಯ ಮೇಲಿನ ನೂಲಿನ ಜೀವಾಳವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡಿ ಮೀಟಿದಳು. ತಂತಿಗಳು ನಾಲ್ಕು, ಆದರೆ ಜೀವಾಳವು ಕೂಡಿದಾಗ ಕೇಳಿಬರುವ ಸ್ವರಗಳಿಗೆ ಲೆಕ್ಕವಿಲ್ಲ. ಆಕೆಯು ಒಂದು ಮಾತನ್ನೂ ಆಡಲಿಲ್ಲ. ಹಣವನ್ನು ಎಣಿಸಿ ಕೊಟ್ಟೆನು. ಯೋಗವು ಮುಗಿಯಿತು; ಇನ್ನು ಕ್ಷೇಮದ ಪ್ರಶ್ನೆ.

ಅಂಗಡಿಯಲ್ಲಿ ಮೂರು ಬಗೆಯ ರಕ್ಷಣೆಗಳಿದ್ದುವು. ಮೊದಲನೆಯದು ದಪ್ಪ ಅರಿವೆಯ ಒಂಟಿ ಚೀಲ. ಎರಡನೆಯದು ಒಳಗೆ ಬೆರಳಿನಷ್ಟು ದಪ್ಪದ ಸ್ಪಂಜನ್ನು ಇಟ್ಟು ಹೊಲಿದು ಹೆಗಲಪಟ್ಟಿ ಹಚ್ಚಿದ ಮೆತ್ತೆಯ ಚೀಲ. ಮೂರನೆಯದು ಫೈಬರಿನಿಂದ ಎರಕ ಹೊಯ್ದಂತೆ ಮಾಡಿದ ಗಟ್ಟಿ ಪೆಟ್ಟಿಗೆ. ಒಳಗೆ ಮಖಮಲ್ಲು, ಹೊರಗೆ ಬೀಗದ ಕೊಂಡಿಗಳು. ಚೀಲಕ್ಕೆ ಮರಾಠಿಯಲ್ಲಿ ಗವಸಣಿಯೆನ್ನುವರು. ಅದು ನಮ್ಮ ಹಳೆಯ ಕನ್ನಡದ ಗವಸಣಿಗೆಯೇ. ಗವಸು ಎಂದರೆ ಹೊದಿಕೆ. ಸಂಸ್ಕೃತದಲ್ಲಿಯೂ ಇಂಥ ಒಂದು ವಿಶೇಷವಿದೆ: ಪ್ರಸೇವವೆಂದರೆ ಹೊಲಿದ ಚೀಲ, ಪ್ರಸೇವಕವೆಂದರೆ ವೀಣೆಯ ದಂಡದ ಕೆಳಗಿನ ಒಂದು ಅಂಗ. ವಾದ್ಯಕ್ಕೂ ಚೀಲಕ್ಕೂ ಇರುವ ನಂಟು ಬಹು ಹಳೆಯದೆಂದು ಇದರಿಂದ ತೋರುವುದು.

ನಾನು ಮಾತ್ರ ಮನೆಯಿಂದ ಹೊರಡುವಾಗಲೇ ಗಟ್ಟಿ ಪೆಟ್ಟಿಗೆಯನ್ನೇ ಕೊಳ್ಳಬೇಕೆಂದು ನಿಶ್ಚಯಿಸಿದ್ದೆನು. ಬೆಲೆಯು ತಂಬೂರಿಯ ಬೆಲೆಯ ಮೂರನೆಯ ಒಂದು ಭಾಗದಷ್ಟಾಗುತ್ತಿದ್ದಿತು, ಆದರೂ ಚಿಂತೆಯಿರಲಿಲ್ಲ. ಏಕೆಂದರೆ ಹಳೆಯ ತಂಬೂರಿಯನ್ನು ಕೊಂದುದು ಅರಿವೆಯ ಗವಸಣಿಗೆ ಎಂಬುದು ಇಪ್ಪತ್ತೇಳು ವರ್ಷಗಳಿಂದ ನನ್ನ ಸಿದ್ಧಾಂತವಾಗಿದ್ದಿತು. ನೆಂಟರಿಗೂ ಸ್ನೇಹಿತರಿಗೂ ನಾನು ಹಾಗೆಯೇ ಹೇಳಿಕೊಂಡು ಬಂದಿದ್ದೆನು. ಅಂದು ಗಟ್ಟಿಯಾದ ಪೆಟ್ಟಿಗೆಯೊಂದು ಇದ್ದಿದ್ದರೆ, ಎಂದು ನಿಟ್ಟುಸಿರು ಬಿಡುವುದು ನನಗೆ ಅಭ್ಯಾಸವಾಗಿಹೋಗಿದ್ದಿತು.

ವೃದ್ಧರು ಪೆಟ್ಟಿಗೆಯನ್ನು ತೆಗೆದು ಕೊಡಲು ಅವಸರ ಮಾಡಲಿಲ್ಲ. "ಮಾಸ್ತರ, ಎರಡು ಮಾತು ಕೇಳತೀನಿ, ಹೇಳ್ರಿ. ಇದು ಎಲ್ಲೆಲ್ಲಿ ತಿರಗತೈತಿ? ದಾರಿಯೊಳಗ ಯಾರ ಕೈಯಾಗ ಇರತೈತಿ?" ಎಂದು ಕೇಳಿದರು.

ನಾನು ಉತ್ತರ ಕೊಡುವ ಮೊದಲು ಗೃಹಿಣಿಯು ಹೇಳಿದಳು: ಗುರುವಾರ ಸಂಜೆ ಗುಡಿಯ ಭಜನೆಗೆ, ಮನೆಯಿಂದ ಹತ್ತು ನಿಮಿಷದ ದಾರಿ, ವರ್ಷಕ್ಕೊಮ್ಮೆ ಬೆಂಗಳೂರಿನಲ್ಲಿರುವ ಮಗಳ ಮನೆಗೆ, ರೈಲಿನಲ್ಲಿ, ಎರಡೂ ಕಡೆ ತನ್ನ ಕೈಯಲ್ಲಿಯೇ.

ವೃದ್ಧರು ಪೆಟ್ಟಿಗೆಯ ಗುಣದೋಷಗಳನ್ನು ನ್ಯಾಯಾಧಿಕಾರಿಯಂತೆ ವಿವರಿಸಿದರು. ಬುರುಡೆಯೆಂಬುದು ಮೊಟ್ಟೆಯ ಚಿಪ್ಪಿನಂತೆ. ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ತಾಳಿಕೊಳ್ಳುವುದು, ಒಂದು ಮೂಲೆಯ ಮೊನೆ ತಗುಲಿದರೆ ಸೀಳುವುದು. ಆ ಮೊನೆಯ ಪೆಟ್ಟನ್ನು ಮೆತ್ತೆಯು ತಡೆಯಲಾರದು, ಗಟ್ಟಿ ಪೆಟ್ಟಿಗೆಯು ತಡೆಯುವುದು. ಆದುದರಿಂದ ವಿಮಾನದ ಹೊಟ್ಟೆಯಲ್ಲಿಯೋ ಸಾಮಾನಿನ ಲಾರಿಯಲ್ಲಿಯೋ ಕಾಣದ ಕೈಗಳಿಗೆ ಒಪ್ಪಿಸಿ ಕಳಿಸಬೇಕಾದ ವಾದ್ಯಕ್ಕೆ ಪೆಟ್ಟಿಗೆಯೇ ಬೇಕು. ಅಲ್ಲಿ ಎರಡನೆಯ ಮಾತಿಲ್ಲ. ಆದರೆ ಪೆಟ್ಟಿಗೆಯು ವಾದ್ಯಕ್ಕೆ ಸರಿಯಾಗಿ ಹೊಂದಬೇಕು. ಒಳಗೆ ಸಡಿಲವಾಗಿ ಓಲಾಡಿದರೆ, ಪೆಟ್ಟಿಗೆಯು ಕೆಳಗೆ ಬಿದ್ದಾಗ ಅದಕ್ಕೆ ಏನೂ ಆಗದೆ, ಒಳಗಿನ ತಂಬೂರಿಯ ಕೊರಳು ಮುರಿಯುವುದು. ಬುರುಡೆಗೂ ದಂಡಿಗೂ ಸಂಧಿಯಾಗುವ ಕೊರಳೇ ತಂಬೂರಿಯ ಮರ್ಮಸ್ಥಾನ. ಇನ್ನು ತೂಕ: ನಾನು ಎತ್ತಿ ನೋಡಿದೆನು, ಬರಿಯ ಪೆಟ್ಟಿಗೆಯು ತಂಬೂರಿಗಿಂತಲೂ ಭಾರವಾಗಿದ್ದಿತು. ಎರಡನ್ನೂ ಕೂಡಿಸಿ ಅರುವತ್ತರ ಹತ್ತಿರ ಬಂದ ಹೆಂಗಸು ಗುಡಿಯವರೆಗೆ ಹೊರಲಾರಳು. ಹೊರಲಾರದ ಮೇಲೆ ಒಯ್ಯುವುದೇ ನಿಲ್ಲುವುದು.

ಅವರು ಹೇಳಿದ ಇನ್ನೊಂದು ಮಾತು ನನಗೆ ಹೊಸದಾಗಿದ್ದಿತು. ಗವಸಣಿಗೆಯಲ್ಲಿ ತಂಬೂರಿಯ ಆಕಾರವು ಎಲ್ಲರಿಗೂ ಕಾಣುವುದು. ಕಂಡವರು ತಾವಾಗಿಯೇ ಸರಿದು ನಡೆಯುವರು. ಪೆಟ್ಟಿಗೆಯನ್ನು ಕಂಡವರಾದರೋ ಅದನ್ನು ಟ್ರಂಕೆಂದು ಭಾವಿಸಿ ಅದರ ಮೇಲೆ ಮೂಟೆಯನ್ನಿಡುವರು. ಕೆಲವರು ಕುಳಿತುಕೊಳ್ಳುವುದೂ ಉಂಟು. "ಗಟ್ಟಿ ಐತಿ ಅಂತ ತಿಳಿದ್ರ ಯಾರೂ ಜಪ್ಪಿಸೂದಿಲ್ರಿ" ಎಂದರು. ಜಪ್ಪಿಸುವುದೆಂದರೆ ಆ ಸೀಮೆಯ ಮಾತಿನಲ್ಲಿ ಜತನ ಮಾಡುವುದು.

ಆದರೂ ನಾನು ಹಟವನ್ನು ಬಿಡಲಿಲ್ಲ. ಹಳೆಯ ತಂಬೂರಿಯ ಕಥೆಯನ್ನು ಅವರಿಗೂ ಹೇಳತೊಡಗಿದೆನು: ಗದಗದಿಂದ ಬರುತ್ತಿದ್ದೆವು, ಜಂಕ್ಷನ್ನಿನಲ್ಲಿ ಗಾಡಿ ನಿಂತಿದ್ದಿತು, ತೆಳ್ಳನೆಯ ಅರಿವೆಯ ಗವಸಣಿಗೆ, ಅದರಿಂದಾಗಿ...

ಗೃಹಿಣಿಯು ತಂಬೂರಿಯ ಮೇಲಿನ ಕೈಯನ್ನು ತೆಗೆಯದೆ ಮೆಲ್ಲನೆ ನುಡಿದಳು: "ಅರಿವೀದು ಏನು ತಪ್ಪರೀ? ಮ್ಯಾಲಿನ ಹಲಗೀ ಮ್ಯಾಲೆ ಟ್ರಂಕು ಇಟ್ಟವರು ನೀವು. ಕಟ್ಟಲಾರದ ಇಟ್ಟು ಚಹಾಕ್ಕ ಇಳಿದ್ರಿ. ನಾನು ಕೂಸಿನ್ನ ಸುಮ್ಮನಿರಿಸಲಿಕ್ಕೆ ಬಾಗಿಲಕಡೆ ಹೋಗಿದ್ದೆ. ಇಪ್ಪತ್ತೇಳು ವರ್ಷ ಆ ಗವಸಣಿಗೀಗೇ ಬೈಕೋತ ಬಂದೀರಿ."

ನಡೆದುದು ಹಾಗೆಯೇ. ಗಾಡಿಗೆ ಇಂಜಿನ್ನನ್ನು ಜೋಡಿಸುವಾಗ ಆದ ಕುಲುಕಿನಿಂದ ತಗಡಿನ ಟ್ರಂಕು ಜಾರಿ, ಅದರ ಮೂಲೆಯು ಕೆಳಗೆ ಒರಗಿಸಿದ್ದ ತಂಬೂರಿಯ ಬುರುಡೆಯ ಮೇಲೆ ಬಿದ್ದಿತು. ನಾನು ಚಹಾದ ಬಟ್ಟಲನ್ನು ಹಿಡಿದುಕೊಂಡು ಬಂದಾಗ ಬುರುಡೆಯು ಮೂರು ಹೋಳಾಗಿದ್ದಿತು. ಅವಳು ಆ ತಿಂಗಳು ಆಕಾಶವಾಣಿಯ ಧ್ವನಿಪರೀಕ್ಷೆಗೆ ಸಿದ್ಧಳಾಗುತ್ತಿದ್ದಳು. ಬೇರೆಯವರ ತಂಬೂರಿಯನ್ನು ಕೇಳಿ ತರುವೆನೆಂದು ನಾನು ಎರಡು ಸಲ ಹೇಳಿದೆನು; ಅವಳು ಬೇಡವೆಂದಳು; ನಾನು ಮೂರನೆಯ ಸಲ ಹೇಳಲಿಲ್ಲ. ಪರೀಕ್ಷೆಯ ದಿನವು ಕಳೆದುಹೋಯಿತು. ಅವಳು ಆಗ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದುದರಿಂದಲೇ ದೋಷವನ್ನು ಅರಿವೆಯ ಮೇಲೆ ಹೊರಿಸುವುದು ನನಗೆ ಸುಲಭವಾಯಿತೆಂದು ಈಗ ತೋರುವುದು. ಗಟ್ಟಿ ಪೆಟ್ಟಿಗೆಯಿದ್ದಿದ್ದರೆ ಬುರುಡೆಯು ಉಳಿಯುತ್ತಿದ್ದಿರಬಹುದು. ಆದರೆ ಟ್ರಂಕನ್ನು ಕಟ್ಟಿದ್ದರೂ ಉಳಿಯುತ್ತಿದ್ದಿತು; ಕಟ್ಟಲು ಹಗ್ಗವೂ ಇದ್ದಿತು.

ವೃದ್ಧರು ಏನೂ ಕೇಳಿಸಲಿಲ್ಲವೆಂಬಂತೆ ಮುಖ ತಿರುಗಿಸಿ ಬಿರಡೆಯೊಂದಕ್ಕೆ ಸೀಮೆಸುಣ್ಣವನ್ನು ಹಚ್ಚುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ನಾನೇ, "ತಪ್ಪು ನನ್ನದೇ ಸರಿ. ಯಾವುದು ಬೇಕೋ ನೀನೇ ಹೇಳು" ಎಂದೆನು. ಅವಳು ಮೆತ್ತೆಯ ಚೀಲವನ್ನು ಮುಟ್ಟಿ ತೋರಿಸಿದಳು. ಒಂಟಿ ಅರಿವೆಯದು ಕೂಡ ಬೇಡ. ಗಟ್ಟಿ ಪೆಟ್ಟಿಗೆಯೂ ಬೇಡ. ಮುಂದೆ ಎಂದಾದರೂ ವಿಮಾನದಲ್ಲಿ ಒಯ್ಯುವ ಪ್ರಸಂಗ ಬಂದರೆ ಅಳತೆ ಕೊಟ್ಟು ಪೆಟ್ಟಿಗೆಯನ್ನು ಮಾಡಿಸಬಹುದೆಂದು ವೃದ್ಧರು ಬುರುಡೆಯ ಸುತ್ತಳತೆಯನ್ನೂ ದಂಡಿಯ ಉದ್ದವನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟರು.

ಚೀಲದಲ್ಲಿ ಇಡುವ ಕ್ರಮವನ್ನೂ ಅವರು ತೋರಿಸಿದರು. ತಂತಿಗಳನ್ನು ಸ್ವಲ್ಪ ಮಾತ್ರ ಇಳಿಸಬೇಕು. ಪೂರ್ತಿ ಸಡಿಲಿಸಿದರೆ ಕುದುರೆಯು ನಿಂತ ಜಾಗದಿಂದ ಸರಿದು ಹಲಗೆಯನ್ನು ಗೀರುವುದು. ಮಣಿಗಳನ್ನು ಕೆಳಗೆ ಸರಿಸಬೇಕು. ಕುದುರೆಯ ಮೇಲೆ ಮಡಿಸಿದ ಮೃದುವಾದ ಅರಿವೆಯನ್ನು ಹೊದಿಸಬೇಕು. ಬಿಸಿಲಿನಲ್ಲಿ ನಿಂತ ಮೋಟಾರಿನೊಳಗೆ ಚೀಲವನ್ನಾಗಲಿ ಪೆಟ್ಟಿಗೆಯನ್ನಾಗಲಿ ಬಿಡಬಾರದು. ಕಾವಿಗೆ ಅರಗಿನ ಮೆರುಗು ಮೆತ್ತಗಾಗಿ ಬಟ್ಟೆಯ ನೇಯ್ಗೆಯ ಗುರುತು ಅದರ ಮೇಲೆ ಮೂಡುವುದು, ಅಂಟಿನ ಸಂಧಿಗಳೂ ಬಿಡುವುವು. ಮಳೆಗಾಲದಲ್ಲಿ ವಾದ್ಯವನ್ನು ದಿನಗಟ್ಟಲೆ ಮುಚ್ಚಿಡಬಾರದು. ಒಳಗೆ ಹೊಕ್ಕ ತೇವಕ್ಕೆ ಹೋಗಲು ದಾರಿಯಿಲ್ಲದೆ ಬೂಸು ಹಿಡಿಯುವುದು. ಈ ದೋಷವು ಗಾಳಿಯಾಡದ ಗಟ್ಟಿ ಪೆಟ್ಟಿಗೆಯಲ್ಲಿ ಹೆಚ್ಚು. ಹೊರಡುವಾಗ ವೃದ್ಧರು, "ಬಾಯಾರ, ದಿನಾ ಬಾರಿಸ್ರಿ. ಬಾರಿಸೋ ತಂಬೂರಿ ಲಗೂ ಕೆಡೂದಿಲ್ಲ" ಎಂದು ಹೇಳಿ ಕಳಿಸಿಕೊಟ್ಟರು.

ಮಧ್ಯಾಹ್ನದ ಗಾಡಿಗೆ ಹಿಂದಿರುಗಿದೆವು. ನನಗೆ ದೊರೆತ ಮೇಲಿನ ಮಲಗುವ ಹಲಗೆಯನ್ನು ತಂಬೂರಿಗೆ ಬಿಟ್ಟುಕೊಟ್ಟೆನು. ಬುರುಡೆಯನ್ನು ಜನರು ಓಡಾಡುವ ಕಡೆಗೆ ಇಡದೆ ಗೋಡೆಯ ಕಡೆಗೆ ಮಾಡಿ, ಅದರ ಇಕ್ಕೆಲಗಳಲ್ಲಿಯೂ ಶಾಲುಗಳನ್ನು ಒತ್ತಿ, ಕೊರಳಿನ ಕೆಳಗೆ ದಿಂಬನ್ನು ಕೊಟ್ಟು, ನೂಲಿನ ಹಗ್ಗದಿಂದ ಎರಡು ಕಡೆ ಕಂಬಿಗೆ ಬಿಗಿದೆನು. ನಮ್ಮ ಪೆಟ್ಟಿಗೆಗಳನ್ನು ಒಂದನ್ನೂ ಮೇಲಿಡದೆ ಎಲ್ಲವನ್ನೂ ಕೆಳಗೆ ತಳ್ಳಿದೆನು. ಗೃಹಿಣಿಯು ಇದನ್ನೆಲ್ಲ ನೋಡಿ ನಕ್ಕಳು.

ಘಟಪ್ರಭೆಯಲ್ಲಿ ಒಂದು ಒಕ್ಕಲು ಮನೆತನದವರು ಮೂಟೆಗಳೊಡನೆ ಹತ್ತಿದರು. ಅವರಲ್ಲಿ ಒಬ್ಬ ತರುಣನು ಬೆಲ್ಲದ ಮೂಟೆಯನ್ನು ಎತ್ತಿ ಮೇಲಿನ ಹಲಗೆಗೆ ತಾಗಿಸುವಷ್ಟರಲ್ಲಿ ಹಿಂದಿನಿಂದ ಅವನ ಅಜ್ಜನು ಗದರಿಸಿದನು: "ಏ, ತಂಬೂರಿ ಐತೋ ಅದು! ಕಾಣೂದಿಲ್ಲೇನು?" ಮೂಟೆಯು ಕೆಳಗಿಳಿಯಿತು. ಅಜ್ಜನು ತನ್ನ ಊರಿನಲ್ಲಿ ಏಕತಾರಿಯ ಮೇಲೆ ತತ್ತ್ವಪದಗಳನ್ನು ಹಾಡುವವನಂತೆ. ಎಷ್ಟು ತಂತಿ, ಯಾವ ಮರ, ಬುರುಡೆ ಎಲ್ಲಿಯದು ಎಂದು ವಿಚಾರಿಸಿ, ಬೆಳಗಾವಿಯಲ್ಲಿ ಇಳಿಯುವವರೆಗೂ ಮೇಲಿನ ಹಲಗೆಯನ್ನು ಕಾಯುವ ಕೆಲಸವನ್ನು ತಾನೇ ವಹಿಸಿಕೊಂಡನು. ವೃದ್ಧರು ಅಂಗಡಿಯಲ್ಲಿ ಹೇಳಿದ ಮಾತಿಗೆ ಅದೇ ದಿನ ಇಷ್ಟು ಸ್ಪಷ್ಟವಾದ ನಿದರ್ಶನವು ದೊರೆಯುವುದೆಂದು ನಾನು ಎಣಿಸಿರಲಿಲ್ಲ.

ಲೋಂಡಾದಲ್ಲಿ ಗಾಡಿಯು ಬಹಳ ಹೊತ್ತು ನಿಂತಿತು. ಹೊರಗೆ ಚಹಾ ಮಾರುವವನ ಕೂಗು ಕೇಳಿಬಂದಿತು. ನಾನು ಏಳಲಿಲ್ಲ. ಗೃಹಿಣಿಯು, "ಹೋಗ್ರೀ, ಕುಡಿದು ಬರ್ರಿ. ನಾನು ಇಲ್ಲೇ ಇದ್ದೀನಲ್ಲಾ" ಎಂದಳು. ಕಿಟಕಿಯಿಂದಲೇ ಎರಡು ಬಟ್ಟಲುಗಳನ್ನು ತರಿಸಿಕೊಂಡು ಇಬ್ಬರೂ ಕುಡಿದೆವು.

ರಾತ್ರಿ ಧಾರವಾಡದ ಮನೆಯಲ್ಲಿ ಚೀಲವನ್ನು ಬಿಚ್ಚಿದಾಗ ಜೀವಾಳದ ನೂಲೊಂದು ಸರಿದಿದ್ದುದರ ಹೊರತು ಬೇರೆ ಯಾವ ಬದಲಾವಣೆಯೂ ಇರಲಿಲ್ಲ. ಕಾಡಿನ ತಂಪು ಗಾಳಿಯಿಂದ ಬಂದ ವಾದ್ಯವನ್ನು ಕೂಡಲೆ ಶ್ರುತಿ ಮಾಡಬಾರದೆಂದು ಅವಳು ಬೆಳಗಿನವರೆಗೂ ಕಾದಳು. ಬೆಳಗಿನ ಐದು ಗಂಟೆಗೆ ನಾನು ಎಚ್ಚೆತ್ತುದು ಷಡ್ಜದಿಂದ.

ಈ ಸಂಗತಿಯು ನಡೆದ ಕೆಲವು ದಿನಗಳಲ್ಲಿ ನೆರೆಮನೆಯ ಹುಡುಗನು ಬಂದು ತನ್ನ ಗಿಟಾರಿಗೆ ಮೆತ್ತೆಯ ಚೀಲವನ್ನು ಕೊಳ್ಳಲೋ ಗಟ್ಟಿ ಪೆಟ್ಟಿಗೆಯನ್ನು ಕೊಳ್ಳಲೋ ಎಂದು ಕೇಳಿದನು. ನನಗೆ ಗಿಟಾರಿನ ಪರಿಚಯವಿಲ್ಲ. ಆದರೂ ಮಿರಜದ ವೃದ್ಧರ ಎರಡು ಪ್ರಶ್ನೆಗಳನ್ನೇ ಅವನಿಗೆ ಹಾಕಿದೆನು. ಅವನು ಗೆಳೆಯರೊಡನೆ ಊರೂರಿಗೆ ಕಾರ್ಯಕ್ರಮಕ್ಕೆ ಹೋಗುವವನು. ವಾದ್ಯಗಳನ್ನೂ ಧ್ವನಿವರ್ಧಕದ ಭಾರವಾದ ಪೆಟ್ಟಿಗೆಗಳನ್ನೂ ಒಂದೇ ಗಾಡಿಯಲ್ಲಿ ಯಾರೋ ತುಂಬುವರು, ಯಾರೋ ಇಳಿಸುವರು. ಗಿಟಾರನ್ನು ತರಿಸಿ ನೋಡಿದೆನು. ಅದರ ಒಡಲು ತೆಳ್ಳನೆಯ ಹಲಗೆಗಳನ್ನು ಅಂಟಿಸಿ ಮಾಡಿದುದು. ಬಿರಡೆಗಳಿರುವ ತಲೆಯು ಹಿಂದಕ್ಕೆ ಬಾಗಿರುವುದರಿಂದ ಬೆನ್ನಡಿಯಾಗಿ ಬಿದ್ದರೆ ಪೆಟ್ಟು ಅಲ್ಲಿಯೇ ತಗುಲಿ ಕೊರಳಿನಲ್ಲಿ ಮುರಿಯುವುದು. "ನಿನಗೆ ಗಟ್ಟಿ ಪೆಟ್ಟಿಗೆಯೇ ಬೇಕಪ್ಪಾ, ಒಳಗೆ ಅಲುಗಾಡದಂತೆ ಹೊಂದುವುದನ್ನು ನೋಡಿ ತೆಗೆದುಕೋ" ಎಂದೆನು. ಮನೆಯಲ್ಲಿಯೇ ನುಡಿಸಿ ಗುರುಗಳ ಮನೆಗೆ ಮಾತ್ರ ಹೋಗುವವನಾಗಿದ್ದರೆ ಮೆತ್ತೆಯ ಚೀಲವು ಸಾಕೆನ್ನುತ್ತಿದ್ದೆನು. ಪ್ರಶ್ನೆಯು ಒಂದೇ ಆದರೂ ದಾರಿಯೂ ಕೈಯೂ ಬೇರೆಯಾದಂತೆ ಉತ್ತರವು ಬೇರೆಯಾಗುವುದು.

ವಾಚಕರ ಮನೆಗಳಲ್ಲಿಯೂ ಸಿತಾರವೋ ವೀಣೆಯೋ ಹಾರ್ಮೋನಿಯಮ್ಮೋ ಇರಬಹುದು. ಅದಕ್ಕೆ ಹೊದಿಕೆಯನ್ನು ಕೊಳ್ಳುವ ಮೊದಲು ಅದು ಹೋಗುವ ದಾರಿಯನ್ನೂ ಹೊರುವವರ ಬಲವನ್ನೂ ಯೋಚಿಸಿರಿ. ಒಟ್ಟಿಗೆ ಪ್ರಯಾಣ ಮಾಡುವಾಗ ಅದರ ಮೇಲ್ಗಡೆ ಏನಿದೆಯೆಂಬುದನ್ನು ಒಮ್ಮೆ ತಲೆಯೆತ್ತಿ ನೋಡಿರಿ, ಸಡಿಲವಾದುದನ್ನು ಕಟ್ಟಿರಿ. ಗಟ್ಟಿಯಾದ ಪೆಟ್ಟಿಗೆಯನ್ನು ಕೊಂಡವರಿಗೂ ಈ ಮಾತು ಸಲ್ಲುವುದು.

ನಮ್ಮ ಮನೆಯ ತಂಬೂರಿಯು ಈಗ ಪ್ರತಿ ಗುರುವಾರವೂ ಗುಡಿಗೆ ಹೋಗಿ ಬರುತ್ತಿದೆ. ಹೋಗುವಾಗ ಅವಳು ಹೊರುವಳು. ಬರುವಾಗ ಕತ್ತಲಾಗುವುದರಿಂದ ನಾನು ಹೊರುವೆನು. ಮನೆಯ ಮೆಟ್ಟಿಲನ್ನು ಹತ್ತುವಾಗ ಅವಳು ದಿನವೂ ಹಿಂದಿನಿಂದ, "ಸಾವಕಾಶ ರೀ" ಎನ್ನುವಳು. ನಾನು ಸಾವಕಾಶವಾಗಿಯೇ ಹತ್ತುವೆನು.